ಕಾರ್ಡಿಗೆ ಬಂದ ಜ್ವರ

ನಮ್ಮ ಮೈದುನ ಯಾರ ಮನೆಗೆ ಹೋದರೂ ಮೊದಲು ಮಾತಾಡಿಸುವುದು ಆ ಮನೆಯ ಮನುಷ್ಯರನ್ನಲ್ಲ, ಫ್ರಿಜ್ಜನ್ನು! ಚಪ್ಪಲಿ ಬಿಟ್ಟವನೇ ಸೀದಾ ಅಡುಗೆಮನೆಗೆ ಹೋಗಿ, ಫ್ರಿಜ್ಜಿನ ಹಿಂದೆ ಕೈ ತೂರಿಸಿ, ತಾಯಿ ಮಗುವಿನ ಹಣೆ ಮುಟ್ಟುವಂತೆ ಕೈಯ ಬೆನ್ನನ್ನು ಇಟ್ಟು, ಕಣ್ಣು ಮುಚ್ಚಿ ನಿಲ್ಲುತ್ತಾನೆ. ಆಮೇಲೆ, "ಸ್ವಲ್ಪ ಕಾವ ಐತ್ರಿ. ಗ್ವಾಡಿಯಿಂದ ಒಂದ ಗೇಣ ಸರಸ್ರಿ" ಅನ್ನುತ್ತಾನೆ. ಆ ಮನೆಯವರು ನನ್ನ ಮುಖ ನೋಡುತ್ತಾರೆ. ನಾನು ಯಾರ ಮುಖ ನೋಡಲಿ?

ಒಮ್ಮೆ ಹಿಂಡಲಗಾದಲ್ಲಿ ನಮ್ಮ ಯಜಮಾನರ ಸೋದರತ್ತೆಗೆ ಜ್ವರವೆಂದು ನೋಡಲು ಹೋಗಿದ್ದೆವು. ಇವನು ಅತ್ತೆ ಮಲಗಿದ್ದ ಮಂಚವನ್ನು ದಾಟಿ ಹೋಗಿ ಟಿವಿಯ ನೆತ್ತಿ ಮುಟ್ಟಿದ. ಬಹಳ ಮರುಕದಿಂದ ಹೇಳಿದ, "ಪಾಪ, ಇದಕ್ಕ ಆರಾಮಿಲ್ಲ!" ಶಿವ ದೊಡ್ಡವನು, ಅತ್ತೆಗೆ ಕಿವಿ ಮಂದ.

ಇವನು ನಮ್ಮ ಯಜಮಾನರಿಗಿಂತ ಎಂಟು ವರ್ಷ ಚಿಕ್ಕವನು. ಮದುವೆಯಾಗಲಿಲ್ಲ. ಟಿಳಕವಾಡಿಯ ನಮ್ಮ ಮೂರು ಕೋಣೆಯ ಮನೆಯಲ್ಲೇ ಇದ್ದ. ಮೊದಲು ಎಂಜಿನಿಯರರ ಕೈಕೆಳಗೆ ಮನೆಗಳ ನಕ್ಷೆ ಬರೆಯುತ್ತಿದ್ದವನು, ಆಗ, ಅಂದರೆ ಎರಡು ಸಾವಿರದ ಇಸವಿಯ ಆಚೀಚೆ, ಒಂದು ಕಂಪ್ಯೂಟರ್ ತಂದ. ಪಾಯಾ ತೋಡುವ ಮೊದಲೇ ಕಟ್ಟಿ ಮುಗಿದ ಮನೆಯನ್ನು ಬಣ್ಣ, ಕಿಟಕಿ, ತುಳಸಿಕಟ್ಟೆ ಸಮೇತ ಪರದೆಯ ಮೇಲೆ ತೋರಿಸುವುದು ಇವನ ಹೊಸ ಉದ್ಯೋಗ. ನೋಡಿದವರು ಬಾಯಿ ತೆರೆಯುತ್ತಿದ್ದರು. ಸುಳ್ಳೇಕೆ, ನಾನೂ ತೆರೆದಿದ್ದೆ.

ತೊಂದರೆ ಇದ್ದದ್ದು ಬೇರೆ ಕಡೆ. ಅರ್ಥಿಂಗ್ ಸರಿಯಾಗಿದ್ದ ಪ್ಲಗ್ಗು ನಮ್ಮ ಮನೆಯಲ್ಲಿ ಒಂದೇ. ಅದು ಇದ್ದದ್ದು ನಡುಮನೆಯಲ್ಲಿ, ನನ್ನ ದೇವರ ಜಗುಲಿಯ ಪಕ್ಕದಲ್ಲಿ. ಹೀಗಾಗಿ ಒಂದು ಗೋಡೆಗೆ ಬಸವಣ್ಣನವರ ಫೋಟೋ, ಅದರ ಬಾಜುವಿಗೆ ಕಂಪ್ಯೂಟರ್! ನಾನು ಎಡ ಅಂಗೈಯಲ್ಲಿ ಇಷ್ಟಲಿಂಗ ಇಟ್ಟುಕೊಂಡು ಕೂತರೆ ನನ್ನ ಬಲ ಕಿವಿಗೆ ಅದರ ಉಸಿರು.

ಆ ಡಬ್ಬಿಯ ಒಳಗೆ ಚಿತ್ರ ಮೂಡಿಸುವುದಕ್ಕೆಂದೇ ಒಂದು ಕಾರ್ಡ್ ಇರುತ್ತದಂತೆ. ಹೆಚ್ಚು ಕೆಲಸ ಕೊಟ್ಟರೆ ಅದಕ್ಕೆ ಕಾವೇರುತ್ತದೆ. ಕಾವೇರಿದರೆ ಪರದೆಯ ಮೇಲಿನ ಮನೆ ಒಡೆಯುತ್ತದೆ! ಕರು ತುಳಿದ ರಂಗೋಲಿಯ ಹಾಗೆ ಬಾಗಿಲು ಒಂದು ಕಡೆ, ಮಾಳಿಗೆ ಒಂದು ಕಡೆ. ಆ ಕಾರ್ಡಿನ ಮೇಲೆ ಕಂಪನಿಯವರೇ ಕೂರಿಸಿದ್ದ ಸಣ್ಣ ಫ್ಯಾನನ್ನು ಕಿತ್ತು, ಬೇರೆ ಕೂಲರ್ ತಂದು ಹಚ್ಚಬೇಕು ಎಂಬುದು ಇವನ ತೀರ್ಮಾನ. ಯಾವ ಕೂಲರ್? ಅಲ್ಲಿಂದ ಶುರುವಾಯಿತು ನೋಡಿ ನನ್ನ ಮಾನದ ಹರಾಜು.

ಖಾನಾಪುರದ ನಿವೃತ್ತ ಮಾಸ್ತರರೊಬ್ಬರು ಮನೆ ಕಟ್ಟಿಸುವವರಿದ್ದರು. ಬಸವ ಜಯಂತಿಯ ದಿನ ಪಾಯಾಪೂಜೆ, ಅಷ್ಟರೊಳಗೆ ಚಿತ್ರ ಬೇಕು ಎಂದಿದ್ದರು. ಜಾಗ ನೋಡಲು ಇವನು ಹೊರಟಾಗ, ಅಲ್ಲಿಯ ನನ್ನ ಗೆಳತಿಯನ್ನು ಕಂಡು ಬರೋಣವೆಂದು ನಾನೂ ಬಸ್ಸು ಹತ್ತಿದೆ. ಇವನು ಹತ್ತಬೇಕಲ್ಲ? ಮೊದಲು ಬಾನೆಟ್ಟಿನ ಮೇಲೆ ಕೈಯ ಬೆನ್ನು ಇಟ್ಟ.

"ಗಾಡಿಗೆ ಜ್ವರ ಬಂದಾವ್ರಿ," ಎಂದ ಡ್ರೈವರನಿಗೆ.

"ಹೌದಾ? ನೀವ ಡಾಕ್ಟರ್ರೇನ್ರಿ? ಹಂಗಿದ್ರ ಒಂದ ಗುಳಗಿ ಕೊಟ್ಟ ಕುಂದರ್ರಿ," ಎಂದ ಡ್ರೈವರ್. ಬಸ್ಸೆಲ್ಲಾ ನಕ್ಕಿತು.

ಅರ್ಧ ದಾರಿಯಲ್ಲಿ ಬುಸ್ಸೆಂದು ಹೊಗೆ ಎದ್ದು ಬಸ್ಸು ನಿಂತಿತು. ಆಗ ಯಾರೂ ನಗಲಿಲ್ಲ, ಎಲ್ಲರೂ ಇವನನ್ನೇ ನೋಡಿದರು. "ಇಂವಂದ ದೃಷ್ಟಿ ಆತ್ ನೋಡ," ಎಂದಳು ಬುಟ್ಟಿ ಹಿಡಿದ ಒಬ್ಬ ಅಜ್ಜಿ. ನಾನು ಸೆರಗು ಮುಂದಕ್ಕೆಳೆದು, ಇವನು ಯಾರೋ ನಾನು ಯಾರೋ ಎಂಬಂತೆ ಕಿಟಕಿಯ ಹೊರಗೆ ನೋಡಿದೆ. ಆ ಬಸ್ಸಿನಲ್ಲಿ ನಮ್ಮ ಓಣಿಯವರು ಯಾರೂ ಇರಲಿಲ್ಲ. ಅಷ್ಟು ಕೃಪೆ.

ಅದಾದ ವಾರಕ್ಕೆ ನನ್ನ ಪೂಜೆಯ ತಾಮ್ರದ ತಟ್ಟೆ ಕಾಣೆಯಾಯಿತು. ಹುಡುಕಿ ಹುಡುಕಿ ಸಾಕಾಗಿ ನೋಡಿದರೆ ಅದು ಡಬ್ಬಿಯ ಹೊಟ್ಟೆಯಲ್ಲಿ!

"ಅಲ್ಲೋ ತಮ್ಮಾ, ಇದು ದೇವರ ತಟ್ಟಿ!"

"ತಾಮ್ರ ಕಾವ ಲಗೂನ ಎಳಕೋತದ್ರಿ ವೈನಿ. ಅಲ್ಯುಮಿನಿಯಮ್ಮಿನ ಕೂಲರ್ ಛಲೋನೋ ತಾಮ್ರದ್ದು ಛಲೋನೋ ಅಂತ ಪರೀಕ್ಷಾ ಮಾಡಾಕತ್ತಿದ್ದೆ."

"ಏನ್ ತಿಳೀತು?"

"ತಾಮ್ರದ್ದ ಛಲೋ. ಆದ್ರ ತಟ್ಟಿ ಸ್ವಲ್ಪ ಕರ್ರಗಾಗೇತಿ. ಹುಣಸಿಹಣ್ಣ ಹಚ್ಚಿ ತಿಕ್ರಿ."

ತಟ್ಟೆ ತಿಕ್ಕಿದೆ. ಹಿಂದೆಯೇ ಇವನು ಒಂದು ಕೂಲರ್ ತಂದೇ ಬಿಟ್ಟ. ಈಗ ನನ್ನ ತಪ್ಪಿನ ಕತೆ ಹೇಳಬೇಕು. ಪಕ್ಕದ ಮನೆಯವರು, "ಮೈದುನ ಏನೋ ತಂದಾನಲ್ಲ?" ಎಂದು ಕೇಳಿದಾಗ, ನಾನು ಸ್ವಲ್ಪ ಡೌಲಿನಿಂದಲೇ, "ಕೂಲರ್ ತಂದಾನ್ರಿ" ಎಂದಿದ್ದೆ. ಅಷ್ಟೇ ಎಂದದ್ದು! ಸೋಮವಾರ ನಮ್ಮ ಮನೆಯಲ್ಲಿ ಅಕ್ಕನ ಬಳಗದ ಭಜನೆ ಇತ್ತು. ಹತ್ತು ಮಂದಿ ಬರುವಲ್ಲಿ ಇಪ್ಪತ್ತು ಮಂದಿ ಬಂದರು. ನಮ್ಮ ಬೆಳಗಾವಿಯಲ್ಲಿ ಮಾಘ ಕಳೆದರೂ ಮುಂಜಾನೆ ಸ್ವೆಟರ್ ಬಿಚ್ಚುವುದಿಲ್ಲ. ಇಂಥ ಊರಲ್ಲಿ ಕೂಲರ್ ಇಟ್ಟ ಮನೆಯನ್ನು ನೋಡಬೇಡವೆ? ಬಳಗದ ಹಿರಿಯ ಅಕ್ಕ ಮುಂಜಾಗ್ರತೆಗೆ ಶಾಲು ಹೊದ್ದುಕೊಂಡೇ ಬಂದಿದ್ದರು.

"ಎಲ್ಲೈತವ್ವಾ ಕೂಲರ್? ಹಚ್ಚರಿ ನೋಡೂಣು," ಎಂದರು.

ಆ ಮಾತು ಕೇಳಿ ಇವನಿಗೆ ಎಲ್ಲಿಲ್ಲದ ಉಮೇದು. ಡಬ್ಬಿಯ ಬಾಗಿಲು ತೆಗೆದು, ನಿಪ್ಪಟ್ಟಿನಷ್ಟಗಲದ ಒಂದು ಬಿಲ್ಲೆ ತೋರಿಸಿದ. ಅಕ್ಕ ಕನ್ನಡಕ ಏರಿಸಿದರು.

"ಇದು ಎಷ್ಟ ಮಂದಿಗೆ ಸಾಕಾಗ್ತೈತಪ್ಪಾ?"

"ಮಂದಿಗಲ್ರಿ ಅಮ್ಮಾರ. ಇದು ಕಾರ್ಡಿಗೆ."

ಅಕ್ಕ ಹಿಂದೆ ತಿರುಗಿ ಎಲ್ಲರಿಗೂ ಸಾರಿದರು: "ಕೇಳಿದ್ರೇನವ್ವಾ? ರೇಶನ್ ಕಾರ್ಡಿಗೂ ಕೂಲರ್ ಬಂದಾವಂತ!"

ಇಪ್ಪತ್ತು ಬಾಯಿಯ ನಗು. ಅದು ಮುಗಿಯುವ ಮೊದಲೇ ಇವನು ಗುಂಡಿ ಒತ್ತಿದ. ಆ ನಿಪ್ಪಟ್ಟು ಗರ್ರ್ ಎಂದು ಎಂಥ ಸದ್ದು ಮಾಡಿತೆಂದರೆ, ಗಿರಣಿಯಲ್ಲಿ ಜೋಳ ಬೀಸಿದ ಹಾಗೆ! ತಾಳ ಹಿಡಿದವರು ತಾಳ ಕೆಳಗಿಟ್ಟರು. ನನಗೆ ಏನಾಯಿತೋ, ಎಲ್ಲರೆದುರು ಚೀರಿಬಿಟ್ಟೆ.

"ಬಂದ್ ಮಾಡ ಅದನ್ನ! ಮುಂಜಾನೆದ್ದ ಒಂದ ಮಂತ್ರ ಅಂದ್ರ ನನ್ನ ಕಿವಿಗೇ ಬೀಳಂಗಿಲ್ಲ. ನನ್ನ ಪೂಜಾ ಕೆಡಸಾಕ, ನನ್ನ ಮರ್ಯಾದಿ ಕಳ್ಯಾಕಂತನ ಈ ಮನ್ಯಾಗ ಅದಿ ನೀನು! ಬಸವ ಜಯಂತಿ ಹೊತ್ತಿಗೆ ಆ ಡಬ್ಬಿ ಈ ಮನ್ಯಾಗ ಇರಬಾರದು."

ಇವನು ಗುಂಡಿ ಒತ್ತಿ ಬಂದ್ ಮಾಡಿದ. "ಆಗ್ಲಿರಿ ವೈನಿ," ಎಂದ. ಅಷ್ಟೇ.

ಡಬ್ಬಿ ಹೋದಲ್ಲಿ ಇವನೂ ಹೋಗಲೇಬೇಕು, ಅದು ಎಲ್ಲರಿಗೂ ಗೊತ್ತಿದ್ದದ್ದೇ. ಯಜಮಾನರು ಎರಡು ದಿನ ನನ್ನೊಂದಿಗೆ ಮಾತು ಬಿಟ್ಟು, ಮೂರನೆಯ ದಿನ ಅನಗೋಳದಲ್ಲಿ ತಮ್ಮನಿಗೆ ಒಂದು ಖೋಲಿ ನೋಡಿ ಬಂದರು. ಇವನ ಟ್ರಂಕು ಅಟ್ಟದಿಂದ ಕೆಳಗಿಳಿಯಿತು. ನನಗೆ ಒಳಗೊಳಗೇ ಚುಚ್ಚಿತು. ಆದರೂ ಆಡಿದ ಮಾತನ್ನು ಹಿಂದೆ ತೆಗೆದುಕೊಳ್ಳಲು ಬಾಯಿ ಬರಬೇಕಲ್ಲ! ಅದೂ ಅಲ್ಲದೆ, ಮನೆ ಬಿಡುವವನು ತಲೆ ತಗ್ಗಿಸಿಕೊಂಡಾದರೂ ಇರಬಾರದೆ? ಇವನು ಮತ್ತೆ ಕೂಲರ್ ಹುಡುಕುವುದಕ್ಕೆ ಶುರು ಮಾಡಿದ. ನೋಡಿ, ಮನೆಗಿಂತ ಹೆಚ್ಚಾಯಿತು ಕಾರ್ಡು, ಎಂದು ನನ್ನ ಸಿಟ್ಟಿಗೆ ಒಂದು ಆಧಾರವೂ ಸಿಕ್ಕಿತು.

ಜಯಂತಿಗೆ ಎರಡೇ ದಿನ ಉಳಿದಿತ್ತು. ತರಕಾರಿ ತರಲು ಹೋದಾಗ ಇವನೂ ಜೊತೆಗಿದ್ದ. "ಐದ ಮಿಂಟ ಬರ್ರಿ ವೈನಿ," ಎಂದು ಕಂಪ್ಯೂಟರ್ ಅಂಗಡಿಗೆ ಹೊಕ್ಕ. ಅಂಗಡಿಯವನು ಮೂರು ಕೂಲರ್ ಮುಂದಿಟ್ಟ. ಒಂದು ಸೇವಂತಿಗೆ ಹೂವಿನಂತೆ ದುಂಡಗೆ, ನಡುವೆ ಫ್ಯಾನು. ಎರಡನೆಯದು ತಾಮ್ರದ್ದು, ಇನ್ನೂ ದೊಡ್ಡ ಫ್ಯಾನು. ಮೂರನೆಯದಕ್ಕೆ ಫ್ಯಾನೇ ಇಲ್ಲ, ಬರೀ ಬಾಚಣಿಗೆಯ ಹಲ್ಲಿನಂಥ ಪಟ್ಟಿಗಳು.

"ತಾಮ್ರದ್ದ ಒಯ್ಯಿರಿ ಸರ. ಬರಫ್ ಆದಂಗ ಆಕ್ಕೈತಿ," ಎಂದು ವೈರು ಜೋಡಿಸಿ ತಿರುಗಿಸಿ ತೋರಿಸಿದ.

ಇವನು ಏನು ಮಾಡಿದ ಗೊತ್ತೆ? ತಂಪು ನೋಡಲಿಲ್ಲ. ಎಂದಿನ ಹಾಗೆ ಮುಟ್ಟಿ ಕೂಡ ನೋಡಲಿಲ್ಲ. ಸ್ಟೂಲಿನ ಮೇಲೆ ಕೂತು, ಕಣ್ಣು ಮುಚ್ಚಿ, ತುಟಿಯಲ್ಲೇ "ಓಂ ನಮಃ ಶಿವಾಯ, ಓಂ ನಮಃ ಶಿವಾಯ" ಎಂದು ಜಪ ಮಾಡತೊಡಗಿದ! ಗಿರಾಕಿಗಳು ತಿರುಗಿ ನೋಡಿದರು. ಒಬ್ಬ ಹೆಂಗಸು ಮರಾಠಿಯಲ್ಲಿ, "ಕಾಯ್ ಝಾಲ ಹೋ?" ಎಂದು ನನ್ನನ್ನೇ ಕೇಳಿದಳು. ಏನಾಗಿದೆಯೆಂದು ನಾನು ಹೇಳಲಿ? ಇವನು ಕಣ್ಣು ತೆರೆದು ತಲೆ ಅಲ್ಲಾಡಿಸಿದ. "ಬ್ಯಾಡ. ಹೂವಿಂದ ಹಚ್ಚರಿ." ಮತ್ತೆ ಜಪ. ಮತ್ತೆ ತಲೆ ಅಲ್ಲಾಡಿಸಿದ.

"ಸರ, ಪೂಜಾ ಮನ್ಯಾಗ ಮುಗಿಸ್ಕೊಂಡ ಬರ್ರಿ. ಇದು ಅಂಗಡಿ," ಎಂದ ಅಂಗಡಿಯವನು.

ನಾನು ಬದನೆಕಾಯಿ ಚೀಲ ಹಿಡಿದು ಹೊರಗೆ ಬಂದು ನಿಂತೆ. ಬಸ್ಸಿನಲ್ಲಿ ನೋಡಿದ ಹಾಗೆ ರಸ್ತೆಯನ್ನೇ ನೋಡಿದೆ. ಒಳಗಿನ ಮಾತು ಮಾತ್ರ ಕೇಳುತ್ತಿತ್ತು. "ಫ್ಯಾನ ಇಲ್ಲದ್ದು ನಿಮ್ಮ ಕೆಲಸಕ್ಕ ಸಾಲಂಗಿಲ್ರೀ, ಬ್ಯಾಸಿಗ್ಯಾಗ ಮತ್ತ ಕಾವ ಏರ್ತೈತಿ. ಖರೇನ ಹೇಳಾಕತ್ತೇನಿ." ಇವನ ಉತ್ತರ: "ಇರ್ಲಿ, ಅದನ್ನ ಕೊಡ್ರಿ." ಇಷ್ಟು ದಿನ ಹುಡುಕಿ ಕೊನೆಗೆ ಕೆಲಸಕ್ಕೆ ಬಾರದ್ದನ್ನು ಆರಿಸಿದ ಮಹಾನುಭಾವ!

ಜಯಂತಿಯ ಹಿಂದಿನ ದಿನ ಬಂತು. ಮಧ್ಯಾಹ್ನದ ರೈಲಿಗೆ ಇವನು ಮಾಸ್ತರರ ಮನೆಯ ಚಿತ್ರ ಹಿಡಿದು ಖಾನಾಪುರಕ್ಕೆ ಹೋಗಬೇಕು, ಮರಳಿ ಬಂದು ಟ್ರಂಕು ಎತ್ತಬೇಕು. ಸ್ನಾನ ಮಾಡಿ, ಭಸ್ಮ ಧರಿಸಿ, ನಾನು ಪೂಜೆಗೆ ಕೂತೆ. ಅಂಗೈಯ ಲಿಂಗದ ಮೇಲೆ ದೃಷ್ಟಿ ನಿಲ್ಲಿಸಿ ಮಂತ್ರ ಹಿಡಿದೆ. ಎಷ್ಟೋ ತಿಂಗಳ ಮೇಲೆ ನನ್ನ ದನಿ ನನಗೆ ಕೇಳಿಸಿತು! ಎಷ್ಟು ನಿಶ್ಶಬ್ದವೆಂದರೆ, ಕರೆಂಟು ಹೋಗಿದೆ ಎಂದುಕೊಂಡೆ. ಹಾಗಾದರೆ ಚಿತ್ರದ ಗತಿಯೇನು? ತಡೆಯಲಾರದೆ, ಶಿವ ಕ್ಷಮಿಸಲಿ, ಓರೆಗಣ್ಣಿನಿಂದ ಬಲಕ್ಕೆ ನೋಡಿದೆ.

ಪರದೆ ಹೊತ್ತಿಕೊಂಡೇ ಇತ್ತು. ಮಾಸ್ತರರ ಮನೆ ಇಷ್ಟಿಷ್ಟೇ ಮೂಡುತ್ತಿತ್ತು. ಡಬ್ಬಿಯ ಬಾಗಿಲು ತೆಗೆದಿತ್ತು. ಅದರ ಮುಂದೆ ನೆಲದ ಮೇಲೆ ಕೂತು, ನಲವತ್ತು ದಾಟಿದ ನಮ್ಮ ಮೈದುನ, ಒಲೆಯ ಬಳಿ ಇಡುವ ನನ್ನ ಬಿದಿರಿನ ಬೀಸಣಿಗೆಯಿಂದ ಕಾರ್ಡಿಗೆ ಗಾಳಿ ಹಾಕುತ್ತಿದ್ದ. ಸದ್ದಾಗದ ಹಾಗೆ, ಮಲಗಿದ ಕೂಸಿಗೆ ಬೀಸುವ ಹಾಗೆ. ಎಷ್ಟು ಹೊತ್ತಿನಿಂದಲೋ! ಬಲಗೈ ಸೋತಾಗ ಎಡಗೈ.

ಪೂಜೆ ಮುಗಿಸಿದೆ. ಹೇಗೆ ಮುಗಿಸಿದೆನೋ ಶಿವನೇ ಬಲ್ಲ.

"ಇದೇನೋ ತಮ್ಮಾ?"

"ಇನ್ನ ಹತ್ತ ಮಿಂಟ್ರಿ ವೈನಿ, ಮುಗೀತು. ಚಿತ್ರ ಒಡದಿಲ್ಲ," ಎಂದ ಪಿಸುಮಾತಿನಲ್ಲಿ. ಆಮೇಲೆ ಕೇಳಿದ, "ಮಂತ್ರ ಕೇಳಸ್ತಲ್ರಿ ನಿಮಗ?"

"ಆಂ?"

"ಅಲ್ರಿ, ಅಂಗಡ್ಯಾಗ ನಿಮ್ಮಷ್ಟ ದನಿಲೇ ಅಂದ್ ನೋಡಿದ್ನಿ. ಆ ತಾಮ್ರದ್ದು ತಿರಗಾಕತ್ರ ನನ್ನ ಕಿವಿಗೇ ಬೀಳಲಿಲ್ಲ. ಹೂವಿಂದರಾಗೂ ಕೇಳಸಲಿಲ್ಲ. ಇದ ಒಂದ ನೋಡ್ರಿ ಬಾಯಿ ಮುಚಗೊಂಡ ಇರೂದು."

"ಹೆಂಗೂ ಇವತ್ತ ಹೊಂಟಿಯಲ್ಲೋ. ಮತ್ಯಾಕ..."

"ಹೋಗೂದು ಹೋಗೂದರಿ. ಹೋಗೂ ದಿನಾರ ನಿಮ್ಮ ಪೂಜಾ ಛಲೋ ಆಗ್ಲಿ ಅಂತ."

ಕ್ಷಮಿಸು ಎನ್ನಬೇಕಿತ್ತು. ಬಸ್ಸಿನಲ್ಲಿ ಮುಖ ತಿರುಗಿಸಿದ್ದಕ್ಕೆ, ಇಪ್ಪತ್ತು ಮಂದಿಯ ಮುಂದೆ ಚೀರಿದ್ದಕ್ಕೆ, ಅಂಗಡಿಯ ಹೊರಗೆ ಬದನೆಕಾಯಿ ಹಿಡಿದು ನಿಂತದ್ದಕ್ಕೆ. ಆ ಒಂದು ಮಾತಿಗೆ ನನ್ನ ಬಾಯಿ ಆಗಲೂ ಏಳಲಿಲ್ಲ. ಅವನ ಕೈಯಿಂದ ಬೀಸಣಿಗೆ ಕಸಿದುಕೊಂಡೆ.

"ಕೊಡ ಇಲ್ಲೆ. ಚಹಾ ಐತಿ, ಕುಡಿ ಹೋಗ. ಮತ್ತ ಆ ಟ್ರಂಕ ಅಟ್ಟಕ್ಕ ಹತ್ತಸು, ನಡಕ್ಕ ಕಾಲಿಗೆ ಬಡೀತೈತಿ. ಅನಗೋಳದ ಕೀಲಿ ನಿಮ್ಮಣ್ಣ ಕೊಟ್ಟ ಬರ್ತಾರ."

ಇವನು ಎದ್ದು ಹೋಗಲಿಲ್ಲ. ಬಗ್ಗಿ, ಕಾರ್ಡಿನ ಮೇಲೆ ಕೈಯ ಬೆನ್ನು ಇಟ್ಟು, ಕಣ್ಣು ಮುಚ್ಚಿ ನೋಡಿದ.

"ತಂಪ ಐತ್ರಿ ವೈನಿ," ಎಂದ.

ನಾನು ಮುಖ ತಿರುಗಿಸಿಕೊಂಡು ಬೀಸುತ್ತಲೇ ಇದ್ದೆ. ಕಂಡ ಕಂಡದ್ದನ್ನೆಲ್ಲ ಮುಟ್ಟಿ ನೋಡುವ ನಮ್ಮ ಮೈದುನ ಆ ಹೊತ್ತಿಗೆ ನನ್ನ ಮುಖವನ್ನು ಮುಟ್ಟಿ ನೋಡಲಿಲ್ಲ. ಶಿವ ದೊಡ್ಡವನು.