ಹತ್ತು ಉಳಿಗಳ ಕ್ಲಾಸು

ರೂಪೇಶನ ಕೇಡುಗಾಲ ಶುರುವಾದದ್ದು ಒಂದು ಕಂಪ್ಯೂಟರ್ ಕೆಟ್ಟದ್ದರಿಂದ. ಅವನದಲ್ಲ, ಕಾಲೇಜಿನದು.

ಮಣಿಪಾಲದ ಆ ಡಿಸೈನ್ ಕಾಲೇಜಿನಲ್ಲಿ ಎಂ.ಡೆಸ್. ಓದುವವರು ಪ್ರತಿ ಸೆಮಿಸ್ಟರಿಗೆ ಒಂದು ಐಚ್ಛಿಕ ವಿಷಯ ಆರಿಸಿಕೊಳ್ಳಬೇಕು. ಬೇರೆ ಸಲವಾದರೆ ಹಾಸಿಗೆಯಲ್ಲೇ ಮಲಗಿ ಮೊಬೈಲಿನಲ್ಲಿ ಒತ್ತಿದರೆ ಕೆಲಸ ಮುಗಿಯುತ್ತಿತ್ತು. ಈ ಸಲ ಸರ್ವರ್ ಮಲಗಿಬಿಟ್ಟಿತು. ಶುಕ್ರವಾರ ಬೆಳಿಗ್ಗೆ ಎಂಟಕ್ಕೆ ಆಫೀಸಿನ ಆನ್ಸಿಲ್ಲಾ ಮೇಡಂ ವಾಟ್ಸಾಪ್ ಗ್ರೂಪಿಗೆ ಒಂದು ಉದ್ದದ ಸಂದೇಶ ಕಳಿಸಿದರು. ವಿಷಯಕ್ಕೊಂದು ಹಾಳೆಯಂತೆ ನೋಟೀಸ್ ಬೋರ್ಡಿಗೆ ಅಂಟಿಸಿದೆ, ಹಾಳೆಗೆ ಹತ್ತೇ ಗೆರೆ. ಸಂಜೆ ನಾಲ್ಕರೊಳಗೆ ಖುದ್ದಾಗಿ ಬಂದು ಕೈಯಾರೆ ಹೆಸರು ಬರೆಯಬೇಕು. ಬರೆದದ್ದನ್ನು ಹೊಡೆದುಹಾಕುವಂತಿಲ್ಲ. ಆರು ಹೆಸರು ಬೀಳದ ವಿಷಯ ರದ್ದು, ರದ್ದಾದ ವಿಷಯದವರು ತಮಗೆ ಬೇಕಾದ ಕಡೆ ಹೋಗಬಹುದು. ಇದರ ಕೆಳಗೆ ಇನ್ನೂ ಒಂದು ಸಾಲು ಇತ್ತು. ಅಲ್ಲಿಯವರೆಗೆ ಓದುವ ತಾಳ್ಮೆ ಆ ಕಾಲೇಜಿನಲ್ಲಿ ಯಾರಿಗೂ ಇರಲಿಲ್ಲ.

ಪರ್ಕಳದ ಬಾಡಿಗೆ ರೂಮಿನಲ್ಲಿ ಹಲ್ಲುಜ್ಜುತ್ತಿದ್ದ ರೂಪೇಶ 'ರದ್ದು' ಎಂಬ ಮಾತು ಓದಿದ್ದೇ ತಡ, ಬಾಯಿ ತೊಳೆದನೋ ಇಲ್ಲವೋ, ಬಸ್ಸಿಗೆ ಓಡಿದ.

ಅವನಿಗೆ ಬೇಕಾಗಿದ್ದದ್ದು ಕಲ್ಲಿನ ಕೆತ್ತನೆ. ಶನಿವಾರ ಬೆಳಗ್ಗೆಯಿಂದ ಕಾರ್ಕಳದಲ್ಲಿ ಸರ್ವೋತ್ತಮ ಆಚಾರ್ಯರ ಶೆಡ್ಡಿನಲ್ಲಿ ನಡೆಯುವ ಕ್ಲಾಸು. ಹೋದ ವರ್ಷ ಇಡೀ ತರಗತಿ ಅಲ್ಲಿಗೆ ಒಂದು ದಿನದ ಪ್ರವಾಸ ಹೋಗಿತ್ತು. ಉಳಿದವರು ಫೋಟೋ ತೆಗೆಯುತ್ತಿದ್ದಾಗ ಆಚಾರ್ಯರು ರೂಪೇಶನ ಕೈಗೆ ಉಳಿ ಸುತ್ತಿಗೆ ಕೊಟ್ಟಿದ್ದರು. ಅವನು ಒಂದು ಗಂಟೆ ಬಗ್ಗಿ ಕೂತು ಕಲ್ಲಿನ ಚೂರಿನಲ್ಲಿ ಬಂಗುಡೆಯ ತಲೆಯೊಂದನ್ನು ಮೂಡಿಸಿದ. ಉಚ್ಚಿಲದಲ್ಲಿ ಮೀನು ಮಾರುವವಳ ಮಗ, ಬಂಗುಡೆಯ ಮುಖ ಅವನಿಗೆ ತನ್ನ ಮುಖಕ್ಕಿಂತ ಚೆನ್ನಾಗಿ ಗೊತ್ತು. ಆಚಾರ್ಯರು ಅದನ್ನು ತಿರುಗಿಸಿ ನೋಡಿ "ಇವನಿಗೆ ಕೈ ಉಂಟು" ಅಂದರು. ಮಣಿಪಾಲದಲ್ಲಿ ಅಷ್ಟು ದಿನದಿಂದ ಕಂಪ್ಯೂಟರ್ ಪರದೆಯ ಮೇಲೆ ಚೌಕಗಳನ್ನು ಅತ್ತಿಂದಿತ್ತ ಸರಿಸುತ್ತಿದ್ದ ರೂಪೇಶನಿಗೆ ಅಂಥ ಮಾತನ್ನು ಯಾರೂ ಹೇಳಿರಲಿಲ್ಲ. ಅವನಿಗೆ ಅಳು ಬಂತು. ಧೂಳು ಬಿತ್ತು ಅಂತ ಹೇಳಿ ಕಣ್ಣೊರೆಸಿಕೊಂಡ.

ಉಳಿದ ಹಾಳೆಗಳು ಬೇಗ ತುಂಬಿಬಿಡುತ್ತವೆ, ಕಲ್ಲು ತಪ್ಪಿದರೆ ಉಳಿಯುವುದು ಲೂಯಿಸ್ ಸರ್. ಅವರ ವಿಷಯ 'ವಿನ್ಯಾಸದ ತತ್ತ್ವ ಮತ್ತು ಬರವಣಿಗೆ'. ವಾರಕ್ಕೆ ಮೂವತ್ತು ಪುಟ ಓದು, ಕೊನೆಗೆ ಇಂಗ್ಲಿಷಿನಲ್ಲಿ ನಲವತ್ತು ಪುಟದ ಪ್ರಬಂಧ. ಮೊದಲ ಸೆಮಿಸ್ಟರಿನಲ್ಲಿ ಇದೇ ಲೂಯಿಸ್ ಸರ್ ಕಲಿಸುವ ಕಡ್ಡಾಯ ಪೇಪರಿನಲ್ಲಿ ರೂಪೇಶ ಫೇಲಾಗಿ, ಎರಡನೇ ಸಲ ಒಂದೇ ಅಂಕದಲ್ಲಿ ದಡ ಸೇರಿದ್ದ. ಈಗಿನದು ಕೊನೆಯ ಸೆಮಿಸ್ಟರು. ಇನ್ನೊಮ್ಮೆ ಬಿದ್ದರೆ ಡಿಗ್ರಿ ಒಂದು ವರ್ಷ ಮುಂದಕ್ಕೆ ಹೋಗುತ್ತದೆ. ಜೂನಿನಲ್ಲಿ ಮಗನ ಓದು ಮುಗಿಯುತ್ತದೆ ಅಂತ ತಾಯಿ ರತ್ನಾವತಿ ಆಗಲೇ ಉಚ್ಚಿಲದ ಮೀನು ಮಾರ್ಕೆಟ್ಟಿಗೆಲ್ಲ ಹೇಳಿ ಆಗಿತ್ತು.

ನೋಟೀಸ್ ಬೋರ್ಡಿನ ಮುಂದೆ ನಿಂತು ರೂಪೇಶ ಹಾಳೆಗಳನ್ನು ಒಂದೊಂದಾಗಿ ನೋಡಿದ. ಆಹಾರ ಛಾಯಾಗ್ರಹಣದ ಹಾಳೆ ಆಗಲೇ ತುಂಬಿತ್ತು. ಕುಂಬಾರಿಕೆಯಲ್ಲಿ ಎಂಟು ಹೆಸರು. ಲೂಯಿಸ್ ಸರ್ ಹಾಳೆಯಲ್ಲೂ ಐದು. ಕಲ್ಲಿನ ಹಾಳೆ ಮಾತ್ರ ತೊಳೆದ ಬಾಳೆಲೆಯ ಹಾಗೆ ಖಾಲಿ.

ಆಗಲೇ ತಾಯಿಯ ಫೋನ್ ಬಂತು. ರೂಪೇಶ ಸಂಕಟವನ್ನೆಲ್ಲ ಹೇಳಿಕೊಂಡ. ರತ್ನಾವತಿ ಊರಿನಲ್ಲಿ ಯಾರ ಮನೆಯ ಮದುವೆಯಾದರೂ ಸೆರಗು ಸಿಕ್ಕಿಸಿ ಬಡಿಸಲು ನಿಲ್ಲುವ ಹೆಂಗಸು. ಜಗತ್ತಿನ ಎಲ್ಲ ಸಮಸ್ಯೆಗೂ ಅವಳಲ್ಲಿ ಊಟದ ಪರಿಹಾರವೇ ಇತ್ತು.

"ಐದು ಜನರನ್ನು ಕರಿ, ನೀನು ಸೇರಿದರೆ ಆರು. ಅದರಲ್ಲಿ ಎಂತ ಉಂಟು?" ಅಂದಳು.

"ಹಾಗಾದರೆ ನಾನು ಈಗಲೇ ಹೆಸರು ಬರೀತೇನೆ ಅಮ್ಮ."

"ನಿನಗೆ ಮಂಡೆ ಸಮ ಇಲ್ವಾ? ಕರೆದವನೇ ಮೊದಲು ಎಲೆ ಹಾಕಿ ಕೂತರೆ ಬಂದವರು ಎಂತ ಎಣಿಸ್ತಾರೆ? ಬಂದವರನ್ನು ಕೂರಿಸು. ಮನೆಯವರಿಗೆ ಯಾವಾಗಲೂ ಕಡೇ ಪಂಕ್ತಿ."

ತಾಯಿಯ ಮಾತಿಗೆ ಹೂಂ ಅಂದು ಫೋನ್ ಇಟ್ಟರೂ ರೂಪೇಶ ಹೆಸರು ಬರೆಯಲು ಪೆನ್ನು ತೆಗೆದಿದ್ದ. ಅಷ್ಟರಲ್ಲಿ ಸಹಪಾಠಿ ಚೈತಾಲಿ ಇಬ್ಬರು ಗೆಳತಿಯರೊಂದಿಗೆ ಬಂದಳು. ಅವಳು ವಿಷಯ ತಿಳಿದು ಅವನ ಕೈಯಿಂದ ಪೆನ್ನನ್ನೇ ಕಿತ್ತುಕೊಂಡಳು.

"ಬೇಡ ಮಾರಾಯ. ನಿನ್ನ ಹೆಸರು ಮೇಲೆ ಕಂಡರೆ ಯಾರೂ ಬರುವುದಿಲ್ಲ. ಫೇಲಾದವನು ಸೇರಿದ ಕ್ಲಾಸು ಅಂತ ಹೆದರ್ತಾರೆ. ನಿಂದು ಕೊನೆಗೆ ಹಾಕು."

ಮನೆಯ ಬುದ್ಧಿಯೂ ಕಾಲೇಜಿನ ಬುದ್ಧಿಯೂ ಒಂದೇ ಮಾತು ಹೇಳಿದ ಮೇಲೆ ರೂಪೇಶ ಒಪ್ಪಿಕೊಂಡ. ಅವನ ಜನ್ಮದಲ್ಲಿ ಇಬ್ಬರು ಹೆಂಗಸರು ಒಂದೇ ಸಲಹೆ ಕೊಟ್ಟದ್ದು ಅದೇ ಮೊದಲು.

"ಹಾಗಾದರೆ ನೀವು ಮೂವರು ಬನ್ನಿ" ಅಂದ.

"ಬರವಣಿಗೆ ಉಂಟಾ?" ಚೈತಾಲಿ ಕೇಳಿದಳು.

"ಒಂದಕ್ಷರ ಇಲ್ಲ."

"ಪರೀಕ್ಷೆ?"

ಆಚಾರ್ಯರ ಪರೀಕ್ಷೆ ಹೇಗಿರುತ್ತದೆಂದು ರೂಪೇಶನಿಗೆ ಗೊತ್ತಿರಲಿಲ್ಲ. "ಕಲ್ಲಿಗೆ ಎಂತ ಪರೀಕ್ಷೆ" ಅಂದುಬಿಟ್ಟ. ಮೂರು ಹೆಸರು ಬಿದ್ದವು.

ಲೂಯಿಸ್ ಸರ್ ಹಾಳೆಯ ಎದುರಿನ ಬೆಂಚಿನಲ್ಲಿ ಐದು ಜನ ಸಾಲಾಗಿ ಕೂತಿದ್ದರು. ಆ ಹಾಳೆಯ ಐದು ಹೆಸರು ಅವರದೇ. ಚೈತಾಲಿ ಮೆಲ್ಲಗೆ ಗುಟ್ಟು ಬಿಚ್ಚಿದಳು: "ಮೂರು ವರ್ಷದಿಂದ ಲೂಯಿಸ್ ಸರ್ ಕ್ಲಾಸಿಗೆ ಆರು ಜನ ಆಗಿಯೇ ಇಲ್ಲ. ರದ್ದಾದರೆ ತುಂಬಿದ ಹಾಳೆಗೂ ಹೋಗಬಹುದಲ್ಲ, ಅದಕ್ಕೆ ಬೇಕಂತಲೇ ಬರೆದು ಕಾವಲು ಕೂತಿದ್ದಾರೆ. ಆರನೆಯವ ಬಂದರೆ ಕೊಂದುಹಾಕ್ತಾರೆ." ಬುದ್ಧಿವಂತರು ಹೇಗೆ ಬದುಕುತ್ತಾರೆ ಎಂದು ರೂಪೇಶ ಒಂದು ಕ್ಷಣ ಹೊಟ್ಟೆಕಿಚ್ಚುಪಟ್ಟ.

ನಾಲ್ಕನೆಯ ಬಲಿಯನ್ನು ಹುಡುಕಿಕೊಂಡು ಅವನು ಪರ್ಕಳಕ್ಕೆ ವಾಪಸ್ ಬಂದ. ಪಕ್ಕದ ರೂಮಿನ ಕ್ಲಾಯ್ಡ್ ಹನ್ನೊಂದಾದರೂ ಮುಸುಕು ಹೊದ್ದುಕೊಂಡಿದ್ದ. ಶಿರ್ವದಲ್ಲಿ ಏಳು ಕೋಣೆಯ ಮನೆಯಿದ್ದವನಿಗೆ ಪರ್ಕಳದ ಒಂದು ಕೋಣೆಯಲ್ಲಿ ಬರುವ ನಿದ್ದೆ ಅಲ್ಲಿ ಬರುತ್ತಿರಲಿಲ್ಲವಂತೆ.

"ಶನಿವಾರ ಕಾರ್ಕಳಕ್ಕಾ? ಮಧ್ಯಾಹ್ನ ಊಟಕ್ಕೆ ಎಂತ ಉಂಟು?" ಮುಸುಕಿನೊಳಗಿಂದಲೇ ಕೇಳಿದ.

ರೂಪೇಶ ಹತಾಶನಾಗಿದ್ದ. ಹತಾಶನಾದ ಮನುಷ್ಯ ಕೊಡಬಾರದ ಮಾತನ್ನು ಕೊಡುತ್ತಾನೆ. "ನನ್ನ ಅಮ್ಮನ ಬಂಗುಡೆ ಪುಳಿಮುಂಚಿ, ಹುಳಿ ಖಾರದ ಗಸಿ. ಪ್ರತಿ ಶನಿವಾರ. ಎಲ್ಲರಿಗೂ."

ಮುಸುಕು ಹಾರಿತು. ಹತ್ತು ನಿಮಿಷದಲ್ಲಿ ಕ್ಲಾಯ್ಡ್ ತಲೆ ಬಾಚಿ ಸ್ಕೂಟರಿನ ಕೀಲಿ ಹಿಡಿದು ನಿಂತಿದ್ದ.

ಮೆಟ್ಟಿಲಿನಲ್ಲಿ ಮನೆಯೊಡತಿ ಕುಶಲಕ್ಕ ಸಿಕ್ಕಿದರು. ಮೇಲಿನ ರೂಮುಗಳಲ್ಲೆಲ್ಲ ಅದೇ ಕಾಲೇಜಿನ ಹುಡುಗರನ್ನು ಇಟ್ಟುಕೊಂಡು, ಯಾರು ಎಷ್ಟು ಹೊತ್ತಿಗೆ ಸ್ನಾನ ಮಾಡುತ್ತಾರೆ ಎಂಬುದರವರೆಗೆ ತಿಳಿದುಕೊಳ್ಳುವುದು ಅವರ ದಿನಚರಿ. "ಇಬ್ಬರೂ ಎಲ್ಲಿಗೆ ಓಡುವುದು?" ಅಂದರು. ಅವಸರದಲ್ಲಿ ರೂಪೇಶ ಕಲ್ಲು, ಆರು ಜನ, ಬಂಗುಡೆ ಎಲ್ಲವನ್ನೂ ಒಂದೇ ಉಸಿರಿನಲ್ಲಿ ಒದರಿದ.

"ಪಾಪ ಮಗು. ಚಿಂತೆ ಮಾಡಬೇಡ, ನಾನಿದ್ದೇನೆ" ಅಂದರು ಕುಶಲಕ್ಕ. ವಯಸ್ಸಾದವರು ಸುಮ್ಮನೆ ಹೇಳುವ ಮಾತು ಅಂತ ರೂಪೇಶ ಎಣಿಸಿದ. ಅದೇ ತಪ್ಪಾಯಿತು.

ಕ್ಲಾಯ್ಡ್ ಹೆಸರು ಬರೆದಾಗ ಗಂಟೆ ಹನ್ನೆರಡು. ನಾಲ್ಕು ಜನ ಆದರು. ತಾನು ಐದನೆಯವನಾದರೂ ಇನ್ನೊಬ್ಬ ಬೇಕು. ಅವನ ತರಗತಿಯಲ್ಲಿ ಎಲ್ಲೂ ಹೆಸರು ಬರೆಯದೆ ಉಳಿದವನೆಂದರೆ ಜಿತೇಶ ಒಬ್ಬ. ಅವನು ಕಾಪುವಿನ ಮನೆಯಲ್ಲಿದ್ದ, ಮೊಬೈಲ್ ಎತ್ತುತ್ತಿರಲಿಲ್ಲ. ರೂಪೇಶ ಕ್ಲಾಯ್ಡನ ಸ್ಕೂಟರನ್ನು ಬೇಡಿ ಪಡೆದು ಹೊರಟ.

ಉಡುಪಿಯ ಕಲ್ಸಂಕದ ಸಿಗ್ನಲಿನಲ್ಲಿ ಸಿಕ್ಕಿಬಿದ್ದಿದ್ದಾಗ ಕಾರ್ಕಳದಿಂದ ಫೋನ್ ಬಂತು.

"ಕ್ಲಾಸು ಉಂಟಾ ಇಲ್ವಾ ಅಂತ ಕೇಳ್ಳಿಕ್ಕೆ ಮಾಡಿದ್ದು" ಅಂದರು ಸರ್ವೋತ್ತಮ ಆಚಾರ್ಯರು.

"ಆಗ್ತದೆ ಆಚಾರ್ರೇ. ಆರು ಜನ ಮಾಡಿಯೇ ಮಾಡ್ತೇನೆ."

"ಆರಾದರೆ ಆರು, ಹತ್ತಾದರೆ ಹತ್ತು. ನನ್ನ ಹತ್ತಿರ ಹತ್ತು ಜೊತೆ ಉಳಿ ಉಂಟು. ಹನ್ನೊಂದನೆಯವ ಬಂದರೆ ಅವನ ಕೈಗೆ ನಾನು ಎಂತ ಕೊಡುವುದು, ಚಮಚವಾ? ಮತ್ತೆ, ನಿನಗೆ ಅಂತ ಒಂದು ಸಣ್ಣ ಉಳಿ ಹದ ಮಾಡಿ ತೆಗೆದಿಟ್ಟಿದ್ದೇನೆ. ಮೀನಿನ ಕಣ್ಣಿಗೆ ಬೇಕಾಗ್ತದಲ್ಲ."

ಸಿಗ್ನಲ್ ಹಸಿರಾದದ್ದನ್ನೂ ರೂಪೇಶ ನೋಡಲಿಲ್ಲ. ಹಿಂದಿನ ಬಸ್ಸಿನವನು ಹಾರ್ನ್ ಹೊಡೆದು ಅವನನ್ನು ಭೂಮಿಗೆ ಇಳಿಸಿದ.

ಕಟಪಾಡಿ ದಾಟುವಾಗ ಪೆಟ್ರೋಲ್ ಮುಗಿಯಿತು. ಕ್ಲಾಯ್ಡನ ಗಾಡಿಗೆ ಪೆಟ್ರೋಲ್ ಬೀಳುವುದು ಬೇರೆಯವರು ಅದನ್ನು ಕೇಳಿ ಒಯ್ದಾಗ ಮಾತ್ರ ಎಂಬುದು ಆಗ ತಿಳಿಯಿತು. ಬಿಸಿಲಿನಲ್ಲಿ ಬಂಕಿನವರೆಗೆ ಗಾಡಿ ತಳ್ಳಿ, ಬೆವರಿಳಿಸಿಕೊಂಡು ಕಾಪು ಮುಟ್ಟಿದರೆ ಜಿತೇಶ ಮನೆಯಲ್ಲಿರಲಿಲ್ಲ. ದೀಪಸ್ತಂಭದ ಬಂಡೆಯ ನೆರಳಿನಲ್ಲಿ ಮುಖದ ಮೇಲೆ ಟೊಪ್ಪಿ ಹಾಕಿಕೊಂಡು ಮಲಗಿದ್ದ.

"ನಂಗೆ ಯಾವ ವಿಷಯವೂ ಬೇಡ" ಅಂದ ಜಿತೇಶ.

"ನಂಗೆ ಬೇಕು ಮಾರಾಯ. ನೀನೊಬ್ಬ ಬಂದರೆ ಸಾಕು. ಇಷ್ಟು ದಿನದಲ್ಲಿ ನನ್ನಿಂದ ಸರಿಯಾಗಿ ಆದದ್ದು ಆ ಒಂದು ಕಲ್ಲಿನ ಮೀನು ಮಾತ್ರ." ರೂಪೇಶ ನಿಜವಾಗಿಯೂ ಕೈಮುಗಿದ. ಜಿತೇಶನಿಗೆ ಮರುಕ ಬಂತೋ, ಪುಳಿಮುಂಚಿಯ ಮಾತು ಕೇಳಿ ಬಾಯಲ್ಲಿ ನೀರು ಬಂತೋ, ಎದ್ದು ಚಪ್ಪಲಿ ಹುಡುಕಿದ.

ಇಬ್ಬರೂ ಮಣಿಪಾಲ ತಲುಪಿದಾಗ ನಾಲ್ಕಕ್ಕೆ ಹತ್ತು ನಿಮಿಷ. ಬೋರ್ಡಿನ ಮುಂದೆ ಜಾತ್ರೆಯ ಜನ. ರೂಪೇಶ ನುಗ್ಗಿ ಕಲ್ಲಿನ ಹಾಳೆಯ ಹತ್ತಿರ ಬಂದು, ತಾಯಿಯ ಮಾತು ನೆನಪಿಟ್ಟು, ಪೆನ್ನನ್ನು ಜಿತೇಶನ ಕೈಗೆ ಕೊಟ್ಟ. "ಮೊದಲು ನೀನು ಹಾಕು. ನಾನು ಮನೆಯವ, ಕೊನೆಗೆ."

ಜಿತೇಶ ಬರೆದು ಪೆನ್ನು ವಾಪಸ್ ಕೊಟ್ಟ. ರೂಪೇಶ ಅವನ ಹೆಸರಿನ ಕೆಳಗೆ ಪೆನ್ನು ಊರಿದ. ಅಲ್ಲಿ ಗೆರೆ ಇರಲಿಲ್ಲ. ಹಾಳೆಯ ಅಂಚು ಇತ್ತು, ಅದರಾಚೆ ಬೋರ್ಡಿನ ಮರ ಇತ್ತು.

ಅವನು ಮೇಲಿನಿಂದ ಎಣಿಸಿದ. ಚೈತಾಲಿಯ ಬಳಗ ಮೂರು, ಕ್ಲಾಯ್ಡ್ ನಾಲ್ಕು. ಆಮೇಲೆ ಅವನು ಕರೆಯದೇ ಇದ್ದ ಐದು ಹೆಸರು, ಎಲ್ಲ ಕುಶಲಕ್ಕನ ಮಾಳಿಗೆಯ ಜೂನಿಯರ್ ಹುಡುಗರು. ಹತ್ತನೆಯದು ಜಿತೇಶ.

"ಕುಶಲಕ್ಕ ಮನೆ ಗ್ರೂಪಿಗೆ ವಾಯ್ಸ್ ಮೆಸೇಜ್ ಹಾಕಿದ್ದಾರೆ" ಎನ್ನುತ್ತ ಕ್ಲಾಯ್ಡ್ ತನ್ನ ಮೊಬೈಲನ್ನು ರೂಪೇಶನ ಕಿವಿಗೆ ಹಿಡಿದ. ಒಳಗಿಂದ ಕುಶಲಕ್ಕನ ದನಿ ಸ್ಪಷ್ಟವಾಗಿ ಬಂತು: "ಮಕ್ಕಳೇ, ನಮ್ಮ ರೂಪೇಶನಿಗೆ ಕಷ್ಟ ಬಂದಿದೆ. ಎಲ್ಲರೂ ಹೋಗಿ ಕಲ್ಲಿಗೆ ಹೆಸರು ಕೊಡಿ. ಪರೀಕ್ಷೆ ಇಲ್ವಂತೆ, ಬಂಗುಡೆ ಉಂಟಂತೆ."

ರೂಪೇಶ ಜಿತೇಶನ ಕಡೆ ತಿರುಗಿದ. "ನಿನಗೆ ಯಾವ ವಿಷಯವೂ ಬೇಡ ಅಂದಿದ್ದಿ ಅಲ್ವಾ. ನನಗೆ ಬಿಟ್ಟುಕೊಡು."

"ಬರೆದದ್ದನ್ನು ಹೊಡೆಯುವಂತಿಲ್ಲ ಮಾರಾಯ. ಮಲಗಿದ್ದವನನ್ನು ಎಬ್ಬಿಸಿ ತಂದದ್ದು ನೀನು" ಅಂದ ಜಿತೇಶ. ಮಾತಿನಲ್ಲಿ ಒಂದು ಚೂರೂ ಸುಳ್ಳಿರಲಿಲ್ಲ.

ರೂಪೇಶ ಹೋಗಿ ಬೆಂಚಿನಲ್ಲಿ ಕೂತ. ಕಾವಲಿನ ಐವರು ಅವನಿಗೆ ಪ್ರೀತಿಯಿಂದ ಜಾಗ ಬಿಟ್ಟು, ಒಬ್ಬ ನೀರಿನ ಬಾಟಲಿ ಕೊಟ್ಟು, ಇನ್ನೊಬ್ಬ ಕಿವಿಯಲ್ಲಿ ಉಪಾಯ ಊದಿದ: "ಎಲ್ಲೂ ಬರೆಯಬೇಡ. ಐದೇ ನಿಮಿಷ ಉಂಟು. ಲೂಯಿಸ್ ಸರ್ ಕ್ಲಾಸು ರದ್ದಾಗಲಿ, ಆಮೇಲೆ ನಾವೂ ನೀನೂ ಸೇರಿ ಮೇಡಂ ಹತ್ತಿರ ಕೇಳುವ. ಒಂದು ಉಳಿ ಆಚಾರ್ಯರು ಎಲ್ಲಿಂದಾದರೂ ತರ್ತಾರೆ." ಬಾಡಿದ ಆಸೆಗೆ ನೀರು ಬಿತ್ತು. ರೂಪೇಶ ಗೋಡೆಯ ಗಡಿಯಾರವನ್ನೇ ನೋಡುತ್ತ ಕೂತ. ಪಾಪ, ಅವನ ಇಡೀ ದಿನದಲ್ಲಿ ನೆಮ್ಮದಿಯಿಂದ ಕೂತದ್ದು ಆ ಐದು ನಿಮಿಷ.

ನಾಲ್ಕಕ್ಕೆ ಸರಿಯಾಗಿ ಆನ್ಸಿಲ್ಲಾ ಮೇಡಂ ಕೆಂಪು ಪೆನ್ನು ಹಿಡಿದು ಹೊರಗೆ ಬಂದರು. ಹಾಳೆಗಳನ್ನೆಲ್ಲ ಕನ್ನಡಕದ ಕೆಳಗಿನಿಂದ ನೋಡಿದರು.

"ರೂಪೇಶ್, ನಿನ್ನ ಹೆಸರು ಎಲ್ಲಿಯೂ ಕಾಣುವುದಿಲ್ಲ."

"ಇಲ್ಲದಿದ್ದರೆ ಪರವಾಗಿಲ್ಲ ಮೇಡಂ" ಐದೂ ಜನ ಒಟ್ಟಿಗೆ ಹೇಳಿದರು.

"ಕೊನೆಯ ಸಾಲು ಓದಿಲ್ವಾ ನೀವು? ಎಲ್ಲಿಯೂ ಹೆಸರು ಬರೆಯದವರನ್ನು ಜಾಗ ಇರುವ ಕಡೆಗೆ ಆಫೀಸಿನವರೇ ಹಾಕುವುದು. ಆಮೇಲೆ ರದ್ದು ಮಾಡುವ ಲೆಕ್ಕ." ಮೇಡಂ ಬೋರ್ಡು ನೋಡಿದರು. ಕುಂಬಾರಿಕೆಯೂ ಅಷ್ಟರಲ್ಲಿ ತುಂಬಿತ್ತು. ಜಾಗ ಇದ್ದದ್ದು ಒಂದೇ ಕಡೆ. ದುಂಡಗಿನ ಅಕ್ಷರದಲ್ಲಿ ರೂಪೇಶನ ಹೆಸರನ್ನು ಲೂಯಿಸ್ ಸರ್ ಹಾಳೆಯ ಆರನೆಯ ಗೆರೆಯಲ್ಲಿ ಬರೆದು, ಕೆಳಗೆ 'ತರಗತಿ ನಡೆಯುತ್ತದೆ' ಅಂತ ಸೇರಿಸಿದರು.

ಐದು ಜನ ರೂಪೇಶನನ್ನು ನೋಡಿದ ನೋಟವನ್ನು ವರ್ಣಿಸದಿರುವುದೇ ಒಳ್ಳೆಯದು. ನೀರಿನ ಬಾಟಲಿ ಕೊಟ್ಟವನು ಅದನ್ನು ವಾಪಸ್ ತೆಗೆದುಕೊಂಡ.

ಸುದ್ದಿ ಕೇಳಿ ಲೂಯಿಸ್ ಸರ್ ಮೆಟ್ಟಿಲು ಇಳಿದು ಓಡಿಬಂದರು. ರೂಪೇಶನ ಎರಡೂ ಕೈ ಹಿಡಿದುಕೊಂಡರು. ಅವರ ಕಣ್ಣು ಒದ್ದೆಯಾಗಿತ್ತು. "ಮೂರು ವರ್ಷ ಆಯ್ತು ನನ್ನ ಈ ಕ್ಲಾಸು ನಡೆಯದೆ. ಫೇಲ್ ಮಾಡಿದವನ ಹತ್ತಿರವೇ ತಿರುಗಿ ಬಂದಿಯಲ್ಲ, ದೊಡ್ಡ ಮನಸ್ಸು ನಿನ್ನದು. ನಲವತ್ತು ಪುಟ ಸಾಲದು, ನೀನು ಅರವತ್ತು ಬರಿ. ನಾಳೆ ಎರಡು ಗಂಟೆಗೆ ಶುರು ಮಾಡುವ." ಆಚಾರ್ಯರು ಹದ ಮಾಡಿಟ್ಟ ಸಣ್ಣ ಉಳಿಯನ್ನು ನಾಳೆ ಜಿತೇಶ ಹಿಡಿಯುತ್ತಾನೆ ಎಂಬುದು ಆಗ ರೂಪೇಶನಿಗೆ ಹೊಳೆಯಿತು. ಈ ಸಲ ಕಣ್ಣೊರೆಸಿಕೊಳ್ಳಲು ಧೂಳಿನ ನೆಪವೂ ಇರಲಿಲ್ಲ.

ಮೊಬೈಲ್ ಬಡಿದುಕೊಂಡಿತು. ರತ್ನಾವತಿ.

"ಹತ್ತು ಜನ ಆದರಂತಲ್ಲ ಮಗಾ. ನಿನ್ನ ಕ್ಲಾಯ್ಡ್ ಫೋನ್ ಮಾಡಿದ್ದ. ಪುಳಿಮುಂಚಿಗೆ ಹುಳಿ ಜಾಸ್ತಿ ಹಾಕಬೇಕಂತೆ."

"ಅಮ್ಮ, ಆ ಹತ್ತರಲ್ಲಿ ನಾನಿಲ್ಲ. ನನ್ನನ್ನು ಲೂಯಿಸ್ ಸರ್ ಕ್ಲಾಸಿಗೆ ಹಾಕಿದರು, ಶನಿವಾರ ಎರಡು ಗಂಟೆಗೆ."

ಆ ಕಡೆ ಮಾರ್ಕೆಟ್ಟಿನ ಗದ್ದಲ ಕೇಳಿಸುತ್ತಿತ್ತು.

"ಕಡೇ ಪಂಕ್ತಿಗೆ ಒಮ್ಮೊಮ್ಮೆ ಹಾಗೆ ಆಗ್ತದೆ" ಅಂದಳು ರತ್ನಾವತಿ. ಅವಳ ದನಿಯೂ ಸಣ್ಣದಾಗಿತ್ತು. "ಆದರೆ ಊಟಕ್ಕೆ ಕರೆದು ಆಗಿದೆಯಲ್ಲ, ಕೊಟ್ಟ ಮಾತು ತಪ್ಪಬಾರದು. ನಾಳೆ ಬೇಗ ಬಂದು ಪಾತ್ರೆ ತಗೊಂಡು ಕಾರ್ಕಳಕ್ಕೆ ಮುಟ್ಟಿಸು. ಪ್ರತಿ ಶನಿವಾರ ನೀನೇ ಬರಬೇಕು, ನನ್ನಿಂದ ಅಷ್ಟು ದೂರ ಹೊರಲಿಕ್ಕೆ ಆಗುವುದಿಲ್ಲ. ಬಡಿಸಿ, ಪಾತ್ರೆ ತೊಳೆದು, ಎರಡು ಗಂಟೆಯೊಳಗೆ ನಿನ್ನ ಕ್ಲಾಸಿಗೆ ಹೋಗು."

ರೂಪೇಶ ಬೋರ್ಡಿನ ಕಡೆ ನೋಡಿದ. ಕಲ್ಲಿನ ಹಾಳೆಯ ಮುಂದೆ ಕ್ಲಾಯ್ಡ್, ಚೈತಾಲಿ, ಜಿತೇಶ ಸೇರಿ ಸೆಲ್ಫಿ ತೆಗೆಯುತ್ತಿದ್ದರು.

"ಎಷ್ಟು ಗಂಟೆಯ ಬಸ್ಸಿಗೆ ಬರಲಿ ಅಮ್ಮ?" ಅಂತ ಕೇಳಿದ.