ಕಾಕುವಿನ ಅಂಟಿಸುವ ಹುಚ್ಚು

ನನ್ನ ಗಂಡನ ಕಾಕುವಿನ ಮನೆಗೆ ಹೋಗುವವರು ಕಾಗದಪತ್ರಗಳನ್ನು ಕಾರಿನಲ್ಲೇ ಬಿಟ್ಟು ಹೋಗುವುದು ಕ್ಷೇಮ! ಕಾಕು ಎಂದರೆ ಧಾರವಾಡದ ಕಡೆ ಚಿಕ್ಕಮ್ಮ. ಎರಡು ಸಾವಿರನೇ ಇಸವಿಯ ಆಸುಪಾಸಿನಲ್ಲಿ ಇವರು ಅಮೆರಿಕದ ಡಲ್ಲಾಸ್ ಪಕ್ಕದ ಯೂಲೆಸ್ಸಿನಲ್ಲಿದ್ದರು, ನಾವು ಆಸ್ಟಿನ್ನಿನಲ್ಲಿ. ಕೈಗೆ ಸಿಕ್ಕಿದ್ದನ್ನೆಲ್ಲ ಕತ್ತರಿಸಿ ರಟ್ಟಿಗೆ ಅಂಟಿಸಿ, ಅದನ್ನು ಕೊಲಾಜ್ ಎನ್ನುತ್ತಿದ್ದರು. ನಮ್ಮ ಮದುವೆಯ ಫೋಟೋದಿಂದ ನನ್ನ ಮೊಣಕೈಯನ್ನಷ್ಟೇ ಕತ್ತರಿಸಿಕೊಂಡಿದ್ದರು. ಮುಖ ಬೇಡವಾಯಿತೇ ಎಂದು ಕೇಳಿದೆ.

"ಮಾರಿ ಎಲ್ಲಾರ್ದೂ ಇರ್ತದವಾ. ನಿನ್ನ ಮೊಣಕೈ ಚಲೋ ಬಂದದ."

ಇದನ್ನು ಹೊಗಳಿಕೆ ಎಂದುಕೊಳ್ಳುವುದೋ, ಬಿಡುವುದೋ? ಕಾಕುವಿನ ಗಂಡ ಕಾಕಾ ಅವರ ಗ್ರೀನ್ ಕಾರ್ಡ್ ಅರ್ಜಿಯ ನಕಲಂತೂ ಒಂದು ಕೊಲಾಜಿನಲ್ಲಿ ನವಿಲಿನ ಬಾಲವಾಗಿತ್ತು. ಮೂರು ದಿನ ಹುಡುಕಿದ ಅವರು ಕೊನೆಗೆ ನವಿಲನ್ನೇ ಹೊತ್ತುಕೊಂಡು ವಕೀಲರ ಆಫೀಸಿಗೆ ಹೋದರು.

ಇಂಥ ಕಾಕುವಿನ ಒಂದು ಕೊಲಾಜನ್ನು ಹೂಸ್ಟನ್ನಿನ ಪುಟ್ಟ ಗ್ಯಾಲರಿಯೊಂದು ಪ್ರದರ್ಶನಕ್ಕೆ ಆರಿಸಿತು. ನಾನೇ ಡ್ರೈವ್ ಮಾಡಿ ಅವರನ್ನು ಕರೆದುಕೊಂಡು ಹೋದೆ. ದಾರಿಯುದ್ದಕ್ಕೂ ಅವರು ಇಂಗ್ಲಿಷ್ ಭಾಷಣ ಬಾಯಿಪಾಠ ಮಾಡಿದರು. ಬಾಗಿಲಲ್ಲೇ ಪೂರ್ತಿ ಮರೆತರು.

ಬಂದವರೆಲ್ಲ ಕೊಲಾಜಿನ ಮುಂದೆ ಒಂದು ಕ್ಷಣ ನಿಂತು, 'ಇಂಟರೆಸ್ಟಿಂಗ್' ಎಂದು ಮುಂದೆ ಸರಿಯುತ್ತಿದ್ದರು. ಹಾಗೆಂದರೇನು ಎಂದು ಕಾಕು ನನ್ನನ್ನು ಕೇಳಿದರು. ಚೆನ್ನಾಗಿದೆ ಅಂತ ಎಂದು ಸುಳ್ಳು ಹೇಳಿದೆ. ನನ್ನ ಮುಖವನ್ನೇ ನೋಡಿದರು. ಯೂಲೆಸ್ಸಿನಲ್ಲಿ ಯಾರಿಗೂ ಹೆದರದವರ ಕಣ್ಣು ಅಲ್ಲಿ ತುಂಬಿಬಂದಿತ್ತು.

ಆಮೇಲೆ ಏನನ್ನಿಸಿತೋ, ಎದ್ದುಹೋಗಿ ಕೊಲಾಜನ್ನು ಗೋಡೆಯಿಂದ ಇಳಿಸಿ ಮೇಜಿನ ಮೇಲಿಟ್ಟರು. ಗ್ಯಾಲರಿಯಾಕೆ ಓಡಿಬರುವಷ್ಟರಲ್ಲಿ ಚೀಲದಿಂದ ಗೋಂದಿನ ಬಾಟಲಿಯೂ ಹೊರಬಂದಿತ್ತು. ಮೂಲೆಯಲ್ಲಿ ಜಾಗವಿದೆ, ನಿಮ್ಮ ಜೇಬಿನಲ್ಲಿರುವ ಕಾಗದ ಕೊಡಿ ಎಂದು ತಮಗೆ ಬಂದ ಇಂಗ್ಲಿಷಿನಲ್ಲಿ ಕರೆದರು. ಮೊದಲು ಒಂದು ಪಾರ್ಕಿಂಗ್ ಚೀಟಿ ಬಂತು. ಆಮೇಲೆ ಸಿನಿಮಾ ಟಿಕೆಟ್, ಚ್ಯೂಯಿಂಗ್ ಗಮ್ಮಿನ ಹೊದಿಕೆ. ಹತ್ತೇ ನಿಮಿಷದಲ್ಲಿ ಮೇಜಿನ ಸುತ್ತ ನೂಕುನುಗ್ಗಲು! ತಡೆಯಲು ಬಂದ ಗ್ಯಾಲರಿಯಾಕೆಯೇ ತನ್ನ ವಿಸಿಟಿಂಗ್ ಕಾರ್ಡು ಅಂಟಿಸಿದಳು.

ಗುಂಪು ಕರಗಿದ ಮೇಲೆ ಮುದುಕರೊಬ್ಬರು ಹತ್ತಿರ ಬಂದರು. ಪರ್ಸಿನಿಂದ ಮಡಿಕೆಗಳಲ್ಲಿ ಸವೆದ ಚೀಟಿಯೊಂದನ್ನು ತೆಗೆದರು. ಹಾಲು, ಈರುಳ್ಳಿ, ಬಲ್ಬು. ತೀರಿಕೊಂಡ ಹೆಂಡತಿ ಕೊನೆಯದಾಗಿ ಬರೆದ ಸಾಮಾನಿನ ಪಟ್ಟಿಯಂತೆ.

"ನಿಮಗ ಬೇಕಾಗೂದಿಲ್ಲೇನ್ರಿ ಇದು?" ಎಂದರು ಕಾಕು, ಕನ್ನಡದಲ್ಲೇ. ನಾನು ಇಂಗ್ಲಿಷಿನಲ್ಲಿ ಹೇಳಿದೆ.

ಪರ್ಸಿನಲ್ಲಿದ್ದರೆ ತಾನೊಬ್ಬನೇ ನೋಡುತ್ತೇನೆ, ಅವಳಿಗೆ ಜನರೆಂದರೆ ಇಷ್ಟವಿತ್ತು ಎಂದರು ಅವರು.

ಕಾಕು ಗೋಂದು ಸವರಿ ಚೀಟಿಯನ್ನು ಹಾಗೆಯೇ ಇಡಿಯಾಗಿ ಅಂಟಿಸಿದರು. ಮುದುಕರ ಅಂಗೈಯನ್ನು ಅದರ ಮೇಲಿಟ್ಟು, ತಮ್ಮ ಕೈಯನ್ನು ಅದರ ಮೇಲಿಟ್ಟರು.

"ಒಣಗೂತನಕಾ ಕೈ ತಗೀಬ್ಯಾಡ್ರಿ."

ಇದನ್ನು ನಾನು ಇಂಗ್ಲಿಷಿಗೆ ತಿರುಗಿಸಲಿಲ್ಲ. ಅದರ ಅಗತ್ಯವೂ ಬೀಳಲಿಲ್ಲ. ಗೋಂದು ಒಣಗಿ ಎಷ್ಟೋ ಹೊತ್ತಾಗಿತ್ತು. ಇಬ್ಬರೂ ಕೈ ತೆಗೆದಿರಲಿಲ್ಲ.