ಚಾವಣಿ ನೋಡುವ ಕಾಕಾ

ನಮ್ಮ ಬಳಗದಲ್ಲಿ ನಮ್ಮ ಕಾಕಾನಷ್ಟು ಗುಡಿ ಸುತ್ತಿದವರು ಯಾರೂ ಇಲ್ಲ. ಅವರಷ್ಟು ದೇವರಿಗೆ ಬೆನ್ನು ತೋರಿಸಿದವರೂ ಇಲ್ಲ! ಒಳಗೆ ಮಂಗಳಾರತಿ ನಡೆದಿರುತ್ತಿತ್ತು, ಎಲ್ಲರೂ ಕೈ ಮುಗಿದು ನಿಂತಿರುತ್ತಿದ್ದರು, ನಮ್ಮ ಕಾಕಾ ಮಾತ್ರ ಲಿಂಗಕ್ಕೆ ಬೆನ್ನು ಹಾಕಿ, ಬ್ಯಾಟರಿಯ ಬೆಳಕು ಬಿಟ್ಟು ಚಾವಣಿಯ ಕೆತ್ತನೆ ನೋಡುತ್ತಿರುತ್ತಿದ್ದರು. ಪಕ್ಕದಲ್ಲಿ ನಿಂತ ನಾನು ಸೆರಗು ಇನ್ನಷ್ಟು ಮುಂದಕ್ಕೆಳೆದುಕೊಂಡು, ಇವರು ಯಾರೋ ನನಗೆ ಗೊತ್ತೇ ಇಲ್ಲವೆಂಬಂತೆ ಗಂಟೆ ಬಾರಿಸುತ್ತಿದ್ದೆ.

ಕಾಕಾ ಅಂದರೆ ನಮ್ಮಪ್ಪನ ತಮ್ಮ. ಬ್ಯಾಡಗಿಯ ಮೆಣಸಿನಕಾಯಿ ಅಂಗಡಿಯಲ್ಲಿ ಜನ್ಮವಿಡೀ ಲೆಕ್ಕ ಬರೆದವರು. ಕೆಲಸ ಬಿಟ್ಟ ಮೇಲೆ ಉಳಿದವರು ಕಾಶಿಗೆ ಹೋಗುತ್ತಾರೆ. ಇವರು ಅಂಚೆಯ ಮೂಲಕ ಭಾರತೀಯ ಕಲೆಯ ಇತಿಹಾಸ, ಸೌಂದರ್ಯಶಾಸ್ತ್ರ ಓದಲು ಹೆಸರು ಹಚ್ಚಿದರು. ಹಾವೇರಿ ಇನ್ನೂ ಧಾರವಾಡ ಜಿಲ್ಲೆಯಲ್ಲಿದ್ದ ಕಾಲ ಅದು. ಪಾಠಗಳು ಲಕೋಟೆಯಲ್ಲಿ ಬರುತ್ತಿದ್ದವು. ಬ್ಯಾಡಗಿಯ ಘಾಟಿನಲ್ಲಿ ಸೀನುತ್ತಾ ಅವರು ಗಟ್ಟಿಯಾಗಿ ಓದುತ್ತಿದ್ದರೆ, ಅರವತ್ತು ದಾಟಿದ ಮೇಲೆ ಇದೇನು ಹುಚ್ಚು ಎಂದು ಓಣಿಯವರು ನಗುತ್ತಿದ್ದರು. ಅಲ್ಲಿಯೇ ನಗಿಸಿಕೊಂಡು ಇದ್ದಿದ್ದರೆ ನನ್ನದೇನೂ ತಕರಾರಿರಲಿಲ್ಲ. ಆದರೆ ಅವರಿಗೆ ಬೇಕಾದ ಕೆತ್ತನೆಯ ಗುಡಿ ಇರುವುದು ಹಾವೇರಿಯಲ್ಲಿ, ನನ್ನನ್ನು ಕೊಟ್ಟಿರುವುದೂ ಹಾವೇರಿಗೇ! ಸೋಮವಾರ ಬಂತೆಂದರೆ ಮೊದಲ ಬಸ್ಸಿಗೆ ಬಂದಿಳಿದು ನನ್ನ ಜೊತೆಗೇ ಗುಡಿಗೆ ಹೊರಡುತ್ತಿದ್ದರು.

ಒಮ್ಮೆ ಚಾವಣಿ ಸರಿಯಾಗಿ ಕಾಣಲಿಲ್ಲವೆಂದು ನಡುಮಂಟಪದಲ್ಲಿ ಅಂಗಾತ ಮಲಗಿಯೇಬಿಟ್ಟರು. ಯಾರೋ ಅಜ್ಜಿ ಇವರಿಗೆ ಜೀವ ಹೋಗುತ್ತಿದೆಯೆಂದು ತಿಳಿದು, ಶಿವ ಶಿವಾ ಎನ್ನುತ್ತಾ ಬಾಯಿಗೆ ತೀರ್ಥ ಬಿಟ್ಟಳು. ಕಾಕಾ ಅದನ್ನು ನುಂಗಿ, ‘ಯಮ್ಮಾ, ಈಟ ಸರದ ನಿಂದ್ರು, ಮ್ಯಾಲಿನ ಪದ್ಮ ಕಾಣವಲ್ದು’ ಅಂದರು. ಪುಣ್ಯಕ್ಕೆ ಅಂದು ನಮ್ಮ ಓಣಿಯವರು ಯಾರೂ ಇರಲಿಲ್ಲ. ದೇವರು ದೊಡ್ಡವನು.

ನವರಸದ ಪಾಠ ಬಂದ ತಿಂಗಳಂತೂ ಅವರನ್ನು ಎಲ್ಲಿಗೂ ಕರೆದೊಯ್ಯಬಾರದಿತ್ತು. ಪಕ್ಕದ ಮನೆಯ ಹಿರಿಯರು ತೀರಿಕೊಂಡಿದ್ದರು. ಮಾತಾಡಿಸಲು ಹೋದಲ್ಲಿ ಕಾಕಾ ನನ್ನ ಕಿವಿಗೆ ಬಾಗಿ, ಎದೆ ಬಡಿದುಕೊಂಡು ಅಳುವ ಹಿರಿಯ ಸೊಸೆಯದು ಬರೀ ಅಭಿನಯ, ಬಾಗಿಲಲ್ಲಿ ಸುಮ್ಮನೆ ಕುಂತ ಕಿರಿಯಳಲ್ಲಿ ನೋಡು ಕರುಣರಸ ಎಂದರು. ಕಿವಿ ಮಂದವಾದವರ ಪಿಸುಮಾತು ಎಷ್ಟು ಸಣ್ಣದಿದ್ದೀತು? ಹಿರಿಯ ಸೊಸೆ ಅಳು ನಿಲ್ಲಿಸಿ ನನ್ನನ್ನೇ ನೋಡಿದಳು. ಅಂದಿನಿಂದ ಅವರ ಮನೆಯ ಹಾಲು ನಮಗೆ ಬಂದ್. ಪುಣ್ಯಕ್ಕೆ ಹಿಂದಿನ ಮನೆಯಲ್ಲೂ ಒಂದು ಎಮ್ಮೆ ಇತ್ತು.

ಇದೆಲ್ಲ ನನ್ನೊಬ್ಬಳ ಮಾನದ ಮಾತಾಯಿತು. ರಾಣೇಬೆನ್ನೂರಿನ ನಮ್ಮ ತವರಿನಲ್ಲಿ ನಡೆದದ್ದು ನನ್ನ ತಂಗಿಯ ಬಾಳಿನ ಮಾತು. ಸಣ್ಣವಳಿದ್ದಾಗ ಜ್ವರ ಬಂದು ಅವಳ ಎಡಗಾಲು ತುಸು ಗಿಡ್ಡಾಗಿ ಉಳಿದಿತ್ತು. ಗೋಡೆ ಹಿಡಿದೇ ನಡೆಯುತ್ತಿದ್ದಳು. ಗಂಡಿನವರು ನೋಡಲು ಬರುತ್ತಾರೆಂದರೆ, ಅವರು ಬರುವ ಮೊದಲೇ ನಮ್ಮವ್ವ ಅವಳನ್ನು ಜಮಖಾನೆಯ ಮೇಲೆ ಕೂರಿಸಿಬಿಡುತ್ತಿದ್ದಳು. ಮಾತು ಕುದುರಿದ ಮೇಲೆ ಕಾಲಿನ ವಿಷಯ ಮೆಲ್ಲಗೆ ಹೇಳಿದರಾಯಿತು ಎಂಬ ಲೆಕ್ಕ. ಅಪ್ಪ ಇಲ್ಲದ ಮನೆ, ಹಿರಿಯರೆಂದು ಕಾಕಾ ಬರಲೇಬೇಕು. ಗುಡಿಯ ಕಲ್ಲಿನ ಮಾತು ಎತ್ತಕೂಡದೆಂದು ಅವ್ವ ಮೊದಲೇ ಆಣೆ ಹಾಕಿಸಿಕೊಂಡಿದ್ದಳು.

ಅವಲಕ್ಕಿ ಮುಗಿದು ಚಹಾ ಬಂತು. ಗಂಡಿನ ಸೋದರತ್ತೆ ಕಪ್ಪು-ಬಸಿ ಕೆಳಗಿಟ್ಟು, ‘ಎದ್ದ ನಿಂದ್ರವಾ, ಎತ್ತರ ನೋಡೂಣು’ ಎಂದರು. ಹುಡುಗಿಗೆ ಇಂದು ಉಪವಾಸ, ಸುಸ್ತಾಗಿದೆ ಎಂದಳು ಅವ್ವ. ತಂಗಿಯ ಮುಂದೆಯೇ ಅವಲಕ್ಕಿ ತಿಂದ ತಟ್ಟೆ ಇತ್ತು! ಪಾಪ, ಅವಳು ತಲೆ ಬಗ್ಗಿಸಿ ಜಮಖಾನೆಯ ಎಳೆ ಕೀಳುತ್ತಾ ಕುಂತಳು. ಆಗ ಕಾಕಾ ಬಾಯಿ ತೆಗೆದರು.

‘ಏಳು ಮಗಳ. ಗುಡ್ಯಾಗಿನ ಕಲ್ಲಿನ ಹೆಣ್ಮಕ್ಕಳು ಯಾರರೆ ನೆಟ್ಟಗ ನಿಂತಾರೇನು? ಒಂದು ಕಾಲಿನ ಮ್ಯಾಲ ಭಾರ ಹಾಕಿ, ನಡಾ ವಾರಿ ಮಾಡೇ ನಿಂತಾರ. ಅದಕ್ಕ ಅವರಾಗ ಜೀವ ಐತಿ ಅನಸ್ತೈತಿ. ನೆಟ್ಟಗ ನಿಂತದ್ದು ಕಂಬ.’

ತಂಗಿ ಎದ್ದಳು. ಗೋಡೆ ಹಿಡಿಯದೆ ನಿಂತಳು. ಎಲ್ಲರಿಗೂ ಎಲ್ಲವೂ ಕಂಡಿತು. ನನಗಂತೂ ಚಹಾದ ತಾಟಿನ ಹಿಂದೆ ಮುಖ ಮುಚ್ಚಿಕೊಳ್ಳುವಂತಾಯಿತು. ಬಂದವರು ತಿಳಿಸುತ್ತೇವೆಂದು ಹೇಳಿ ಹೋದರು, ಇಂದಿಗೂ ತಿಳಿಸಿಲ್ಲ. ಅವ್ವ ಕಾಕಾನ ಜೊತೆ ಮಾತು ಬಿಟ್ಟಳು.

ಮುಂದಿನ ಸೋಮವಾರ ಕಾಕಾ ಹಾವೇರಿಗೆ ಬಂದರು, ಆದರೆ ಬ್ಯಾಟರಿಯನ್ನು ಚೀಲದಿಂದ ತೆಗೆಯಲೇ ಇಲ್ಲ. ಗುಡಿಯ ಕಟ್ಟೆಯ ಮೇಲೆ ಕುಂತು, ‘ಪರೀಕ್ಷಾ ಬರಿಯೂದಿಲ್ಲ ಬಿಡವಾ ನಾ. ನಾ ಓದಿದ್ದು ಮನಿ ಕೆಡಿಸ್ತು’ ಎಂದರು. ನಾನು ಸಮಾಧಾನ ಹೇಳಲಿಲ್ಲ. ಸಿಟ್ಟು ಇನ್ನೂ ಇಳಿದಿರಲಿಲ್ಲ.

ಅಷ್ಟರಲ್ಲಿ ಎದುರಿಗೆ ತಂಗಿ! ರಾಣೇಬೆನ್ನೂರಿನಿಂದ ಒಬ್ಬಳೇ ಬಸ್ಸು ಹಿಡಿದು ಬಂದಿದ್ದಳು. ಈ ಗುಡಿಗೆ ಬಂದಾಗಲೆಲ್ಲ ಎತ್ತರದ ಹೊಸ್ತಿಲಿಗೆ ಅಂಜಿ, ಹೊರಗಿನಿಂದಲೇ ಕೈ ಮುಗಿದು ಹೋಗುತ್ತಿದ್ದವಳು.

‘ಕಾಕಾ, ಆ ನಡಾ ವಾರಿ ಮಾಡಿ ನಿಂತಾಕಿ ಎಲ್ಲದಾಳ? ತೋರಸ್ರಿ, ನೋಡೂಣು.’

ಕಾಕಾ ಗಡಬಡಿಸಿ ಬ್ಯಾಟರಿ ತೆಗೆದು ಒಳಗೆ ನಡೆದರು. ನಾನೂ ಹಿಂದೆ ಹೋದೆ. ಅವರು ಮೊದಲು ಮೇಲಿನ ಕೆತ್ತನೆಗೆ ಬೆಳಕು ಬಿಟ್ಟರು. ಆಮೇಲೆ ಏನನ್ನಿಸಿತೋ, ಬೆಳಕನ್ನು ಕೆಳಗಿಳಿಸಿ ಹೊಸ್ತಿಲ ಮೇಲೆ ಹಿಡಿದರು. ತಂಗಿ ಸೀರೆ ತುಸು ಎತ್ತಿ ದಾಟಿದಳು. ಒಂದು ಕಂಬವನ್ನೂ ಮುಟ್ಟದೆ, ನಡುಮಂಟಪದಲ್ಲಿ, ತನ್ನ ನಡಿಗೆಯಲ್ಲೇ ನಡೆದು ಬಂದಳು. ಅವಳು ಹೆಜ್ಜೆ ಇಡುವಲ್ಲೆಲ್ಲ ಬೆಳಕು ಮುಂದೆ ಮುಂದೆ ಸರಿಯಿತು.

ನಾನು ನೋಡುತ್ತಲೇ ನಿಂತಿದ್ದೆ. ಹಿಂದಿನಿಂದ ಪೂಜಾರಿ ಕೆಮ್ಮಿದರು. ಮಂಗಳಾರತಿಯ ತಟ್ಟೆ ಹಿಡಿದು ಕಾಯುತ್ತಿದ್ದರು. ನಾನೂ ದೇವರಿಗೆ ಬೆನ್ನು ಮಾಡಿ ನಿಂತಿದ್ದೇನೆಂದು ಆಗಲೇ ಗೊತ್ತಾದದ್ದು.